ರೋಗದ ಮಾತು ಬಯಲಿಗೆ, ರೋಗಿಯ ಹೆಸರು ಎದೆಯೊಳಗೆ

ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ನೇಸರಗಿ ಇದೆ. ಬೈಲಹೊಂಗಲ ತಾಲೂಕಿನ ಊರು. ಈ ದಾರಿಯಲ್ಲಿ ದಿನವೂ ಬಸ್ಸು ಬರುತ್ತವೆ, ಲಾರಿ ಬರುತ್ತವೆ. ದುಡಿಯಲು ಗೋವಾಕ್ಕೆ, ಕೊಲ್ಲಾಪುರಕ್ಕೆ, ಪುಣೆಗೆ ಹೋದ ನಮ್ಮ ಭಾಗದ ಜನ ಹಬ್ಬಕ್ಕೆ, ಜಾತ್ರೆಗೆ ಮನೆಗೆ ಬರುತ್ತಾರೆ.

ದಾರಿ ಅಂದ ಮೇಲೆ ಎಲ್ಲವೂ ಬರುತ್ತದೆ. ಸಂತೆಯ ಸಾಮಾನು ಬರುತ್ತದೆ. ಸುದ್ದಿ ಬರುತ್ತದೆ. ಒಮ್ಮೊಮ್ಮೆ ರೋಗವೂ ಬರುತ್ತದೆ. ಅದಕ್ಕಾಗಿ ದಾರಿ ಮುಚ್ಚಲು ಆಗುವುದಿಲ್ಲ. ರೋಗ ಬರುವ ದಾರಿಯಲ್ಲೇ ತಿಳಿವಳಿಕೆಯೂ ಬರಬೇಕು. ಆ ತಿಳಿವಳಿಕೆಯನ್ನು ಮನೆ ಮನೆಗೆ ಮುಟ್ಟಿಸುವವರು ಯಾರು? ನಾವೇ. ಓದು ಕಲಿತ ನಾವು, ನೀವು.

ಎಚ್.ಐ.ವಿ. ಬಗ್ಗೆ ಊರಿಗೆ ತಿಳಿಸುವ ಕೆಲಸ ಹೇಗೆ ಮಾಡಬೇಕು ಅಂತ ಈ ಪಾಠದಲ್ಲಿ ನೋಡೋಣ. ಈ ಕೆಲಸಕ್ಕೆ ಎರಡು ಗುಣ ಬೇಕು. ಒಂದು, ಬಾಯಿ ಬಿಚ್ಚಿ ಮಾತಾಡುವುದು. ಇನ್ನೊಂದು, ಬಾಯಿ ಮುಚ್ಚಿಕೊಂಡು ಇರುವುದು. ಎರಡೂ ಒಬ್ಬರಲ್ಲೇ ಇರಬೇಕು. ಹೇಗೆ ಅಂತೀರಾ? ಮುಂದೆ ಓದಿ.

ಮೊದಲು ನಾವು ತಿಳಿಯೋಣ

ಇನ್ನೊಬ್ಬರಿಗೆ ಹೇಳುವ ಮೊದಲು ನಮಗೆ ಗೊತ್ತಿರಬೇಕು. ಅರ್ಧಂಬರ್ಧ ತಿಳಿದು ಹೇಳಿದರೆ ಜನ ಹೆದರುತ್ತಾರೆ. ಇಲ್ಲವೇ ನಗುತ್ತಾರೆ.

ಎಚ್.ಐ.ವಿ. ಅನ್ನುವುದು ಒಂದು ವೈರಸ್. ಕಣ್ಣಿಗೆ ಕಾಣದಷ್ಟು ಸಣ್ಣದು. ನಮ್ಮ ಮೈಯಲ್ಲಿ ರೋಗದ ಜೊತೆ ಹೋರಾಡುವ ಶಕ್ತಿ ಇದೆ. ಹೊಲಕ್ಕೆ ಬೇಲಿ ಇದ್ದ ಹಾಗೆ. ಈ ವೈರಸ್ ಆ ಬೇಲಿಯನ್ನೇ ತಿನ್ನುತ್ತದೆ. ಔಷಧ ತೆಗೆದುಕೊಳ್ಳದಿದ್ದರೆ ಬೇಲಿ ಪೂರಾ ಹಾಳಾಗುತ್ತದೆ. ಆಗ ಕ್ಷಯ, ಭೇದಿ, ನ್ಯುಮೋನಿಯಾ ಮುಂತಾದ ರೋಗಗಳು ಸುಲಭವಾಗಿ ಒಳಗೆ ನುಗ್ಗುತ್ತವೆ. ಈ ಕೊನೆಯ ಹಂತಕ್ಕೆ ಏಡ್ಸ್ ಅನ್ನುತ್ತಾರೆ.

ಅಂದರೆ ಎಚ್.ಐ.ವಿ. ಇದ್ದವರಿಗೆಲ್ಲ ಏಡ್ಸ್ ಇದೆ ಅಂತ ಅಲ್ಲ. ಔಷಧ ಇಲ್ಲದಿದ್ದರೂ ಎಷ್ಟೋ ಜನ ಎಂಟು ಹತ್ತು ವರ್ಷ ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ. ಹೊಲಕ್ಕೆ ಹೋಗುತ್ತಾರೆ. ಕುಸ್ತಿಯನ್ನೂ ಆಡಬಹುದು. ಮುಖ ನೋಡಿ ಯಾರಿಗೆ ಇದೆ, ಯಾರಿಗೆ ಇಲ್ಲ ಅಂತ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ.

ಹೇಗೆ ಬರುತ್ತದೆ?

ನಾಲ್ಕು ದಾರಿ ಇವೆ. ಬೆರಳು ಮಡಚಿ ಎಣಿಸಿ.

ಒಂದು. ಎಚ್.ಐ.ವಿ. ಇರುವವರ ಜೊತೆ ಕಾಂಡೋಮ್ ಇಲ್ಲದೆ ಮಾಡಿದ ಸಂಭೋಗದಿಂದ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಬಂದದ್ದು ಹೀಗೆ.

ಎರಡು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದರಿಂದ.

ಮೂರು. ಪರೀಕ್ಷೆ ಮಾಡದ ರಕ್ತವನ್ನು ಮೈಗೆ ಏರಿಸುವುದರಿಂದ.

ನಾಲ್ಕು. ಎಚ್.ಐ.ವಿ. ಇರುವ ತಾಯಿಯಿಂದ ಮಗುವಿಗೆ. ಬಸಿರಿನಲ್ಲಿ, ಹೆರಿಗೆಯಲ್ಲಿ, ಇಲ್ಲವೇ ಎದೆಹಾಲಿನಿಂದ.

ಐದನೆಯ ಬೆರಳು ಮಡಚಬೇಕಾಗಿಲ್ಲ. ಕೈ ಹಿಡಿದರೆ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಒಂದೇ ಕೊಡದ ನೀರು ಕುಡಿದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಒಂದೇ ಬಸ್ಸಿನಲ್ಲಿ ಕೂತರೆ ಬರುವುದಿಲ್ಲ. ಕೆಮ್ಮಿದರೆ, ಸೀನಿದರೆ ಬರುವುದಿಲ್ಲ. ಸೊಳ್ಳೆ ಕಚ್ಚಿದರೂ ಬರುವುದಿಲ್ಲ. ರಕ್ತದಾನ ಮಾಡಿದರೂ ಬರುವುದಿಲ್ಲ.

ಹೇಗೆ ತಡೆಯಬೇಕು?

ಬರುವ ದಾರಿ ಗೊತ್ತಾಯಿತು. ಇನ್ನು ತಡೆಯುವುದು ಕಷ್ಟವಲ್ಲ.

ಗಂಡ ಹೆಂಡತಿ ಒಬ್ಬರಿಗೊಬ್ಬರು ನಿಷ್ಠೆಯಿಂದ ಇರಬೇಕು. ಸಂಶಯದ ಸಂಬಂಧವಿದ್ದರೆ ಪ್ರತಿ ಸಲವೂ ಕಾಂಡೋಮ್ ಬಳಸಬೇಕು. ಕಾಂಡೋಮ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ಸೂಜಿ ಮಾಡಿಸುವಾಗ 'ಹೊಸಾ ಸೂಜಿ ಒಡದು ಹಾಕ್ರಿ' ಅಂತ ಕೇಳಲು ನಾಚಿಕೆ ಪಡಬಾರದು. ಅದು ನಮ್ಮ ಹಕ್ಕು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವವರೂ ಹೊಸ ಸೂಜಿಯನ್ನೇ ಕೇಳಬೇಕು.

ರಕ್ತ ಬೇಕಾದಾಗ ಲೈಸೆನ್ಸ್ ಇರುವ ರಕ್ತನಿಧಿಯಿಂದಲೇ ತರಬೇಕು. ಅಲ್ಲಿ ಪ್ರತಿ ಬಾಟಲಿಯನ್ನೂ ಪರೀಕ್ಷೆ ಮಾಡಿರುತ್ತಾರೆ. ಹಣಕ್ಕೆ ರಕ್ತ ಮಾರುವುದನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರಿಂದ ನಮ್ಮ ದೇಶದಲ್ಲಿ ನಿಲ್ಲಿಸಲಾಗಿದೆ.

ಬಸುರಿ ಹೆಣ್ಣುಮಗಳು ಮೊದಲ ತಿಂಗಳುಗಳಲ್ಲೇ ರಕ್ತ ಪರೀಕ್ಷೆ ಮಾಡಿಸಬೇಕು. ಎಚ್.ಐ.ವಿ. ಇರುವ ತಾಯಿ ಔಷಧ ತೆಗೆದುಕೊಳ್ಳದಿದ್ದರೆ, ಅಂಥ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಬರಬಹುದು. ತಾಯಿ ಔಷಧ ತೆಗೆದುಕೊಂಡು, ಮಗುವಿಗೂ ಹುಟ್ಟಿದ ಕೂಡಲೇ ಔಷಧ ಕೊಟ್ಟರೆ ಅದು 5ಕ್ಕಿಂತ ಕಡಿಮೆಗೆ ಇಳಿಯುತ್ತದೆ. ಒಂದು ಪರೀಕ್ಷೆ ಒಂದು ಕೂಸನ್ನು ಉಳಿಸುತ್ತದೆ.

ಔಷಧ ಇದೆಯೇ?

ಇದೆ. ಇದನ್ನು ಊರಿಗೆಲ್ಲ ಗಟ್ಟಿಯಾಗಿ ಹೇಳಬೇಕು. ಯಾಕೆಂದರೆ ಹಳೆಯ ಹೆದರಿಕೆ ಇನ್ನೂ ಹೋಗಿಲ್ಲ.

ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸೇರಿ ಅದನ್ನು ಕಂಡುಹಿಡಿದರು. ಅದಕ್ಕೆ ಮೊದಲು 'ಈ ರೋಗ ನಮ್ಮ ದೇಶಕ್ಕೆ ಬರೋದಿಲ್ಲ' ಅಂತ ಎಷ್ಟೋ ಜನ ನಂಬಿದ್ದರು. ಬಂದ ಮೇಲೆ ಬಹಳ ವರ್ಷ ಬಡವರ ಕೈಗೆ ಔಷಧ ಎಟುಕಲಿಲ್ಲ. 'ಏಡ್ಸ್ ಅಂದರೆ ಸಾವು' ಅನ್ನುವ ಮಾತು ಆಗ ಹುಟ್ಟಿತು.

2004ರ ಏಪ್ರಿಲ್ ತಿಂಗಳಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎ.ಆರ್.ಟಿ. ಅನ್ನುವ ಔಷಧವನ್ನು ಪುಕ್ಕಟೆ ಕೊಡತೊಡಗಿದರು. ಮೊದಲಿಗೆ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಿತ್ತು. ಆಮೇಲೆ ಜಿಲ್ಲೆ ಜಿಲ್ಲೆಗೆ ಬಂತು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲೂ ಎ.ಆರ್.ಟಿ. ಕೇಂದ್ರ ಇದೆ. 2017ರಿಂದ, ಎಚ್.ಐ.ವಿ. ಇದೆ ಅಂತ ಗೊತ್ತಾದವರೆಲ್ಲರಿಗೂ ಕಾಯದೆ ಔಷಧ ಶುರು ಮಾಡುತ್ತಾರೆ.

ಈ ಔಷಧ ವೈರಸನ್ನು ಪೂರ್ತಿ ಹೊರಗೆ ಹಾಕುವುದಿಲ್ಲ. ಆದರೆ ಅದನ್ನು ಕಟ್ಟಿ ಹಾಕುತ್ತದೆ. ದಿನವೂ ತಪ್ಪದೆ ನುಂಗಬೇಕು. ಜೀವನಪೂರ್ತಿ ನುಂಗಬೇಕು. ಹಾಗೆ ಮಾಡಿದವರು ಎಲ್ಲರಂತೆ ದುಡಿದು, ಉಂಡು, ಬಹುಕಾಲ ಬಾಳುತ್ತಾರೆ. ಇನ್ನೂ ಒಂದು ಒಳ್ಳೆಯ ಸುದ್ದಿ ಇದೆ. ಔಷಧದಿಂದ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದರೆ, ಸಂಭೋಗದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಅಂದರೆ ಔಷಧ ಒಬ್ಬರನ್ನು ಉಳಿಸುತ್ತದೆ, ಇನ್ನೊಬ್ಬರನ್ನೂ ಕಾಯುತ್ತದೆ.

ಹಾಗಾದರೆ ಜನ ಯಾಕೆ ಬರುವುದಿಲ್ಲ?

ಪರೀಕ್ಷೆ ಪುಕ್ಕಟೆ. ಔಷಧ ಪುಕ್ಕಟೆ. ಆದರೂ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಯಾಕೆ?

ನಾವು ಊರೂರಲ್ಲಿ ಮಾತಿಗೆ ಕೂತಾಗ ಕೇಳಿಬರುವ ಉತ್ತರ ಒಂದೇ. 'ಮಂದಿ ಏನಂತಾರ್ರೀ?'

ಹೀಗೆ ಯೋಚನೆ ಮಾಡಿ ನೋಡಿ. ಒಬ್ಬ ಗಂಡಸು ಪರೀಕ್ಷೆಗೆ ಹೋದ ಅಂತ ತಿಳಿಯಿರಿ. ಯಾರೋ ನೋಡಿದರು. ಸಂಜೆಗೆ ಕಟ್ಟೆಯ ಮೇಲೆ ಸುದ್ದಿ. ಮರುದಿನ ಚಹಾ ಅಂಗಡಿಯಲ್ಲಿ ಅವನಿಗೆ ಬೇರೆ ಕಪ್ಪು. ಅವನ ಮಗಳ ಮದುವೆ ಮಾತು ಮುರಿಯಿತು. ಅವನ ಮಗನ ಪಕ್ಕ ಶಾಲೆಯಲ್ಲಿ ಯಾರೂ ಕೂಡಲಿಲ್ಲ. ಇದನ್ನು ನೋಡಿದ ಇನ್ನು ಹತ್ತು ಜನ ಏನು ಮಾಡುತ್ತಾರೆ? ಅವರು ಪರೀಕ್ಷೆಗೆ ಹೋಗುವುದೇ ಇಲ್ಲ. ರೋಗ ಮೈಯಲ್ಲೇ ಉಳಿಯುತ್ತದೆ. ಹೆಂಡತಿಗೆ ಬರುತ್ತದೆ, ಹೊಟ್ಟೆಯ ಕೂಸಿಗೆ ಬರುತ್ತದೆ.

ಅವನ ಹೆಸರು ಆಡಿದ ಬಾಯಿಗೆ ಹೋದದ್ದೇನೂ ಇಲ್ಲ. ಆದರೆ ಆ ಒಂದು ಮಾತಿಗೆ ಹತ್ತು ಮನೆಯ ಬಾಗಿಲು ಮುಚ್ಚಿತು. ಅದಕ್ಕೇ ನಾವು ಹೇಳುವುದು: ರೋಗದ ಮಾತನ್ನು ಬಯಲಲ್ಲಿ ಆಡಬೇಕು. ರೋಗಿಯ ಹೆಸರನ್ನು ಎದೆಯೊಳಗೆ ಇಡಬೇಕು.

ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮಾಡಿ ತೋರಿಸಿದ್ದು

'ನಮ್ಮ ಮಾತು ಯಾರ ಕೇಳ್ತಾರ? ನಾವೇನು ಡಾಕ್ಟರಾ?' ಅಂತ ಕೆಲವರು ಅನ್ನುತ್ತಾರೆ. ಅವರಿಗೆ ನಮ್ಮ ಜಿಲ್ಲೆಯದೇ ಒಂದು ಕಥೆ ಹೇಳೋಣ.

ನೇಸರಗಿಯ ಪಕ್ಕದ ತಾಲೂಕು ಸವದತ್ತಿ. ಅಲ್ಲಿ ಯಲ್ಲಮ್ಮನ ಗುಡ್ಡ ಇದೆ. ಹಿಂದೆ ಬಡವರ ಮನೆಯ ಹೆಣ್ಣುಮಕ್ಕಳಿಗೆ ದೇವಿಯ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಅವರಿಗೆ ಮದುವೆ ಇಲ್ಲ, ಆಸರೆ ಇಲ್ಲ. ಎಷ್ಟೋ ಜನ ಹೊಟ್ಟೆಪಾಡಿಗಾಗಿ ಲೈಂಗಿಕ ವೃತ್ತಿಗೆ ಬೀಳಬೇಕಾಯಿತು. 1982ರಲ್ಲಿ ಕರ್ನಾಟಕ ಸರ್ಕಾರ ಈ ಪದ್ಧತಿಯನ್ನು ನಿಷೇಧಿಸುವ ಕಾನೂನು ಮಾಡಿತು. ಕಾನೂನು ಬಂತು, ಆದರೆ ಹಳೆಯ ಬಾಳು ಬಿಟ್ಟು ಹೊಸ ಬಾಳು ಕಟ್ಟುವುದು ಅವರ ಹೆಗಲ ಮೇಲೇ ಉಳಿಯಿತು.

ಎಚ್.ಐ.ವಿ. ಬಂದಾಗ ಜನ ಬೆರಳು ಮಾಡಿದ್ದು ಈ ಹೆಣ್ಣುಮಕ್ಕಳ ಕಡೆಗೆ. ಅವರ ಹತ್ತಿರ ಬಂದ ಗಂಡಸರ ಹೆಸರನ್ನು ಯಾರೂ ಎತ್ತಲಿಲ್ಲ.

1997ರಲ್ಲಿ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು ಕೂಡಿ ತಮ್ಮದೇ ಒಂದು ಸಂಸ್ಥೆ ಕಟ್ಟಿದರು. ಮೈರಾಡ ಸಂಸ್ಥೆ ಅವರಿಗೆ ನೆರವಾಯಿತು. ಅದರ ಹೆಸರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಜನ ಅದನ್ನು 'ಮಾಸ್' ಅನ್ನುತ್ತಾರೆ. ಅದರ ನೆಲೆ ಘಟಪ್ರಭಾ. ಈ ಹೆಣ್ಣುಮಕ್ಕಳು ಹಳ್ಳಿ ಹಳ್ಳಿ ತಿರುಗಿ ಮುತ್ತು ಕಟ್ಟುವುದನ್ನು ತಡೆದರು. ಉಳಿತಾಯದ ಸಂಘ ಮಾಡಿದರು. ಎಚ್.ಐ.ವಿ. ಬಗ್ಗೆಯೂ ತಿಳಿಸಿ ಹೇಳಿದರು.

ಈ ಸಂಸ್ಥೆಯನ್ನು ಮುನ್ನಡೆಸಿದವರಲ್ಲಿ ಒಬ್ಬರು ಸೀತವ್ವ ಜೋಡಟ್ಟಿ. ಚಿಕ್ಕೋಡಿ ತಾಲೂಕಿನ ಕಬ್ಬೂರಿನವರು. ಅವರಿಗೂ ಚಿಕ್ಕಂದಿನಲ್ಲೇ ಮುತ್ತು ಕಟ್ಟಿದ್ದರು. ಅವರ ಕೆಲಸಕ್ಕೆ 2018ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಪ್ರಶಸ್ತಿ ಕೊಟ್ಟಿತು.

ಇದರಿಂದ ನಾವು ಏನು ಕಲಿಯಬೇಕು? ಜನರಿಗೆ ತಿಳಿಸಲು ದೊಡ್ಡ ಪದವಿ ಬೇಕಾಗಿಲ್ಲ. ಈ ಹೆಣ್ಣುಮಕ್ಕಳು ಕಷ್ಟ ಕಂಡವರು. ಅದಕ್ಕೇ ಕಷ್ಟದಲ್ಲಿದ್ದವರು ಅವರ ಮುಂದೆ ಮನಸ್ಸು ಬಿಚ್ಚಿದರು. ಹೀನಾಯ ಮಾಡದೆ ಕೇಳುವವರು ಸಿಕ್ಕರೆ ಜನ ಮಾತಾಡುತ್ತಾರೆ.

ನೀವು ಮಾಡಬಹುದಾದ ಕೆಲಸ

ಒಬ್ಬರೇ ಹೋಗಬೇಡಿ. ಇಬ್ಬರು ಹೋಗಿ. ಗಂಡಸರ ಜೊತೆ ಗಂಡಸರು ಮಾತಾಡಲಿ. ಹೆಂಗಸರ ಜೊತೆ ಹೆಂಗಸರು ಮಾತಾಡಲಿ. ಆಶಾ ಕಾರ್ಯಕರ್ತೆಯ ಜೊತೆ ಸೇರಿ ಕೆಲಸ ಮಾಡಿ. ಅವರಿಗೆ ಆಸ್ಪತ್ರೆಯ ದಾರಿ ಗೊತ್ತಿರುತ್ತದೆ.

ಜನ ಇದ್ದಲ್ಲಿಗೆ ನೀವೇ ಹೋಗಿ. ಸ್ವಸಹಾಯ ಸಂಘದ ಸಭೆ, ಹಾಲಿನ ಡೇರಿ, ಗರಡಿಮನೆ, ಸಂತೆ, ಬಸ್ ನಿಲ್ದಾಣ. ಕಬ್ಬು ಕಡಿಯುವ ಗುಂಪು, ಲಾರಿ ಚಾಲಕರು, ಊರು ಬಿಟ್ಟು ದುಡಿಯಲು ಹೋಗುವ ಹುಡುಗರು ಇವರನ್ನು ಮರೆಯಬೇಡಿ. ಹೋಗುವ ಮೊದಲೇ ಅವರಿಗೆ ವಿಷಯ ತಿಳಿದಿರಲಿ.

ಬೈಯಬೇಡಿ. 'ಕೆಟ್ಟ ಕೆಲಸ ಮಾಡಿದವರಿಗೆ ಬರುವ ರೋಗ' ಅಂತ ಹೇಳಬೇಡಿ. ಗಂಡನಿಂದ ಹೆಂಡತಿಗೆ ಬಂದಿರುತ್ತದೆ. ಅವಳು ಏನು ತಪ್ಪು ಮಾಡಿದಳು? ತಾಯಿಯಿಂದ ಕೂಸಿಗೆ ಬಂದಿರುತ್ತದೆ. ಕೂಸು ಏನು ತಪ್ಪು ಮಾಡಿತು? ರೋಗ ಅನ್ನುವುದು ರೋಗ. ಶಿಕ್ಷೆ ಅಲ್ಲ.

ಹೆದರಿಸಬೇಡಿ. ತಲೆಬುರುಡೆಯ ಚಿತ್ರ ತೋರಿಸಿದರೆ ಜನ ಓಡಿಹೋಗುತ್ತಾರೆ. ಔಷಧ ಇದೆ ಅಂತ ಹೇಳಿದರೆ ಹತ್ತಿರ ಬರುತ್ತಾರೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. 1097ಕ್ಕೆ ಫೋನ್ ಮಾಡಲು ಹೇಳಿ. ಇದು ಎಚ್.ಐ.ವಿ. ಬಗ್ಗೆ ಮಾಹಿತಿ ಕೊಡುವ ಸರ್ಕಾರದ ಸಹಾಯವಾಣಿ. ಕರೆಗೆ ದುಡ್ಡಿಲ್ಲ.

ಕಷ್ಟದ ಪ್ರಶ್ನೆಗಳು

ಊರಲ್ಲಿ ಮಾತಾಡುವಾಗ ಜನ ಪ್ರಶ್ನೆ ಕೇಳುತ್ತಾರೆ. ಕೆಲವು ಪ್ರಶ್ನೆಗೆ ಉತ್ತರ ಹೇಳಬೇಕು. ಕೆಲವಕ್ಕೆ ಹೇಳಬಾರದು.

'ನಮ್ಮೂರಾಗ ಯಾರ್ಯಾರಿಗೆ ಐತ್ರಿ?'

ಈ ಪ್ರಶ್ನೆ ಎಲ್ಲ ಊರಲ್ಲೂ ಬರುತ್ತದೆ. ಉತ್ತರ ಗೊತ್ತಿದ್ದರೂ ಹೇಳಬಾರದು. 'ಯಾರಿಗೈತಿ ಅಂತ ಕೇಳೋದು ಬ್ಯಾಡ್ರಿ. ಹೆಂಗ ಬರತೈತಿ ಅಂತ ಕೇಳ್ರಿ' ಅನ್ನಿ. ಅಷ್ಟು ಸಾಕು. ನಗುತ್ತಾ ಅನ್ನಿ, ಆದರೆ ಗಟ್ಟಿಯಾಗಿ ಅನ್ನಿ. ನಮ್ಮ ಮನೆಯವರ ಮುಂದೆಯೂ ಹೆಸರು ಹೇಳಬಾರದು.

'ಪರೀಕ್ಷಾ ಮಾಡಿಸಿದೆ, ಇಲ್ಲ ಅಂತ ಬಂತು. ಇನ್ನ ಚಿಂತಿಲ್ಲಲ್ಲ?'

ಇತ್ತೀಚೆಗೆ ಅಪಾಯ ಆಗಿದ್ದರೆ ಪರೀಕ್ಷೆಯಲ್ಲಿ ಕೂಡಲೇ ಕಾಣದೆ ಇರಬಹುದು. ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಅಲ್ಲಿಯವರೆಗೆ ಎಚ್ಚರ ಇರಬೇಕು.

'ಅಪಾಯ ನಿನ್ನೆನೇ ಆಗೇತಿ. ಏನ್ ಮಾಡೋದು?'

ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. 72 ಗಂಟೆಯ ಒಳಗೆ ಔಷಧ ಶುರು ಮಾಡಿದರೆ ವೈರಸ್ ಮೈಯಲ್ಲಿ ನೆಲೆಯೂರದಂತೆ ತಡೆಯಬಹುದು. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಔಷಧವನ್ನು 28 ದಿನ ಬಿಡದೆ ತೆಗೆದುಕೊಳ್ಳಬೇಕು.

'ಅವನಿಗೆ ಐತಿ ಅಂತ ಅವನ ಹೆಂಡತಿಗೆ ಗೊತ್ತಿಲ್ಲ. ನಾವು ಹೇಳಬೇಕಲ್ಲ?'

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಸುಮ್ಮನಿದ್ದರೆ ಹೆಂಡತಿಗೆ ಅಪಾಯ. ನಾವೇ ಹೋಗಿ ಹೇಳಿದರೆ ಮನೆ ಒಡೆಯಬಹುದು. ಹೆಣ್ಣುಮಗಳನ್ನೇ ಹೊರಗೆ ಹಾಕಬಹುದು. ಹಾಗಾದರೆ ದಾರಿ ಏನು? ಆ ಗಂಡಸಿನ ಜೊತೆಗೇ ಮಾತಾಡಬೇಕು. ಅವನನ್ನು ಆಸ್ಪತ್ರೆಯ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಬೇಕು. ಹೆಂಡತಿಗೆ ತಿಳಿಸಲು ಅವರು ಅವನಿಗೆ ಧೈರ್ಯ ತುಂಬುತ್ತಾರೆ. ಅವನು ಹೇಳಲು ಒಪ್ಪದೆ, ಹೆಂಡತಿಗೆ ಅಪಾಯ ಇದ್ದೇ ಇದ್ದರೆ, ಡಾಕ್ಟರ್ ಅಥವಾ ಆಪ್ತಸಮಾಲೋಚಕರು ಹೇಗೆ ತಿಳಿಸಬೇಕು ಅಂತ ಕಾನೂನಿನಲ್ಲೇ ದಾರಿ ಇದೆ. ಆ ಕೆಲಸ ಅವರದು. ಅವರ ತನಕ ಮುಟ್ಟಿಸುವುದು ನಮ್ಮದು.

ಕಾನೂನು ಏನು ಹೇಳುತ್ತದೆ?

ಎಚ್.ಐ.ವಿ. ಇರುವವರ ಹಕ್ಕು ಕಾಯಲು 2017ರಲ್ಲಿ ನಮ್ಮ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. 2018ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂತು. ಅದರಲ್ಲಿ ಇರುವ ಮುಖ್ಯ ಮಾತು ಇವು.

ಒಪ್ಪಿಗೆ ಇಲ್ಲದೆ ಯಾರಿಗೂ ಎಚ್.ಐ.ವಿ. ಪರೀಕ್ಷೆ ಮಾಡಬಾರದು.

ಒಪ್ಪಿಗೆ ಇಲ್ಲದೆ ಅವರ ವಿಷಯವನ್ನು ಬೇರೆಯವರಿಗೆ ಹೇಳಬಾರದು.

ಎಚ್.ಐ.ವಿ. ಇದೆ ಅಂತ ಕೆಲಸದಿಂದ ತೆಗೆಯಬಾರದು. ಶಾಲೆಯಿಂದ ಹೊರಗೆ ಹಾಕಬಾರದು. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುವುದಿಲ್ಲ ಅನ್ನಬಾರದು. ಬಾಡಿಗೆ ಮನೆ ಬಿಡಿಸಬಾರದು.

ಎಚ್.ಐ.ವಿ. ಇರುವವರಿಗೂ ಒಂದು ಹೊಣೆ ಇದೆ. ಅದು ಇನ್ನೊಬ್ಬರಿಗೆ ಹರಡದಂತೆ ಅವರು ಎಚ್ಚರ ವಹಿಸಬೇಕು.

ನೋಡಿ, ನಾವು ಮೊದಲು ಹೇಳಿದ ಮಾತೇ ಕಾನೂನಿನಲ್ಲೂ ಇದೆ. ಗುಟ್ಟು ಕಾಯುವುದು ಬರೀ ದೊಡ್ಡತನ ಅಲ್ಲ. ಅದು ಕಾನೂನಿನ ಮಾತು.

ಕೆಲಸ ಇನ್ನೂ ಇದೆ

ನಮ್ಮ ದೇಶದಲ್ಲಿ ಹೊಸದಾಗಿ ಎಚ್.ಐ.ವಿ. ಬರುವವರು ಮೊದಲಿಗಿಂತ ಬಹಳ ಕಡಿಮೆ ಆಗಿದ್ದಾರೆ. ಇದು ಡಾಕ್ಟರರಿಂದ ಮಾತ್ರ ಆದದ್ದಲ್ಲ. ಬೀದಿ ನಾಟಕ ಆಡಿದವರು, ಕಾಂಡೋಮ್ ಹಂಚಿದವರು, ಬಸುರಿಯರನ್ನು ಕೈ ಹಿಡಿದು ಪರೀಕ್ಷೆಗೆ ಕರೆದೊಯ್ದವರು, ತಮಗೇ ಎಚ್.ಐ.ವಿ. ಇದ್ದರೂ ಮುಂದೆ ನಿಂತು ಮಾತಾಡಿದವರು, ಇವರೆಲ್ಲರಿಂದ ಆದದ್ದು.

ಆದರೆ ಕೆಲಸ ಮುಗಿದಿಲ್ಲ. 2023ರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್.ಐ.ವಿ. ಜೊತೆ ಬದುಕುತ್ತಿದ್ದಾರೆ. ಸುದ್ದಿ ತಣ್ಣಗಾಗಿದೆ, ರೋಗ ಹೋಗಿಲ್ಲ. ಹಳೆಯ ಗೋಡೆ ಬರಹ ಅಳಿಸಿಹೋಗಿದೆ. ಈಗ ಹರೆಯಕ್ಕೆ ಬಂದ ಮಕ್ಕಳು ಆ ಬರಹ ನೋಡಿಯೇ ಇಲ್ಲ. ಅವರಿಗೆ ಯಾರು ಹೇಳಬೇಕು?

ನಿಮ್ಮ ಓಣಿಯಲ್ಲಿ ಹತ್ತು ಮನೆ ಇದ್ದರೆ ಹತ್ತು ಮನೆಗೆ ಹೇಳಿ. ನಾಲ್ಕು ದಾರಿ ಹೇಳಿ. ತಡೆಯುವುದು ಹೇಗೆ ಅಂತ ಹೇಳಿ. ಔಷಧ ಇದೆ ಅಂತ ಹೇಳಿ. ಯಾರಾದರೂ ನಿಮ್ಮ ಹತ್ತಿರ ಬಂದು ತಮ್ಮ ಕಷ್ಟ ಹೇಳಿಕೊಂಡರೆ ಕೇಳಿ. ಆಸ್ಪತ್ರೆಗೆ ಜೊತೆಗೆ ಹೋಗಿ. ಮರಳಿ ಬಂದ ಮೇಲೆ 'ಎಲ್ಲಿಗೆ ಹೋಗಿದ್ರಿ?' ಅಂತ ಯಾರಾದರೂ ಕೇಳಿದರೆ 'ಪ್ಯಾಟಿಗೆ ಹೋಗಿದ್ವಿ' ಅನ್ನಿ.

ಓದಿ, ಕೂಡಿ ಮಾತಾಡಿ

1. ಎಚ್.ಐ.ವಿ. ಬರುವ ನಾಲ್ಕು ದಾರಿ ಯಾವುವು?

2. ಎಚ್.ಐ.ವಿ. ಇದ್ದವರ ಜೊತೆ ಕೂತು ಉಣ್ಣಬಹುದೇ? ಯಾಕೆ?

3. ನಿಮ್ಮ ಊರಿನಿಂದ ದುಡಿಯಲು ಹೊರಗೆ ಹೋಗುವವರು ಯಾರು? ಅವರಿಗೆ ವಿಷಯ ತಿಳಿಸಲು ಯಾವ ಸಮಯ ಒಳ್ಳೆಯದು?

4. 'ಯಾರಿಗೈತ್ರಿ?' ಅಂತ ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ?